ರುಂಡವಿಲ್ಲದ ಮದುಮಗಳು

ಫ್ಯಾಷನ್ ಡಿಸೈನ್ ಕೋರ್ಸಿನ ಸರ್ಟಿಫಿಕೇಟು ಕೈಗೆ ಬಂದ ದಿನವೇ, ಹುಬ್ಬಳ್ಳಿ-ಧಾರವಾಡದ ಸಮಸ್ತ ಮದುಮಕ್ಕಳನ್ನು ಉದ್ಧಾರ ಮಾಡುವ ಹೊಣೆ ನನ್ನದೆಂದು ನಿರ್ಧರಿಸಿದೆ. ಕೇಶ್ವಾಪುರದ ನಮ್ಮ ಮನೆಯ ಮುಂದಿನ ಕೋಣೆಗೆ ಶಟರ್ ಹಾಕಿಸಿ ಬುಟಿಕ್ ತೆರೆದೆ. ಮೊದಲ ಆರ್ಡರೂ ಬಂತು! ಹತ್ತಿರದ ಸುಳ್ಳ ಗ್ರಾಮದ ಗಂಗಕ್ಕನವರ ಮಗಳು ಸುಧಾಳ ಮದುವೆಗೆ ಇಳಕಲ್ ಸೀರೆ, ಖಣದ ಕುಪ್ಪಸ. ಸೀರೆಯ ನಿರಿಗೆಗಳನ್ನು ಮೊದಲೇ ಹೊಲಿದಿಡುವುದು ನನ್ನ ಹೊಸ ಡಿಸೈನು.

"ಶುಕ್ರವಾರ ನೋಡಾಕ ಬರ್ತೇವ್ರಿ," ಎಂದರು ಗಂಗಕ್ಕ. "ಮನಸ್ಸಿಗೆ ಬಂತಂದ್ರ ಮದವಿ ಅರಿವಿ ಎಲ್ಲಾ ನಿಮ್ಮ ಕಡೇನ ಹೊಲಸ್ತೇವಿ."

ಅಂದರೆ ನನ್ನ ವೃತ್ತಿಜೀವನದ ಅಳಿವು ಉಳಿವು ಶುಕ್ರವಾರದ ಮೇಲೆ ನಿಂತಿತ್ತು.

ಉಡುಪನ್ನು ತೊಡಿಸಿಡಲು, ಬಾಗಿಲು ಮುಚ್ಚಿದ ಒಂದು ಬಟ್ಟೆ ಅಂಗಡಿಯಿಂದ ಹಳೆಯ ಕಟ್ಟಿಗೆಯ ಬೊಂಬೆ ತಂದೆ. ಅದಕ್ಕೆ ತಲೆ ಇರಲಿಲ್ಲ. ಅತ್ತೆ ನೋಡಿ ಹೌಹಾರಿದರು.

"ರುಂಡ ಇಲ್ಲದ್ದನ್ನ ಮನ್ಯಾಗ ನಿಲ್ಲಸಬಾರದವಾ!"

ಡಿಸೈನರಿಗೆ ಇದೆಲ್ಲ ಒಂದು ಸಮಸ್ಯೆಯೇ? ಕುತ್ತಿಗೆಯ ಮೇಲೆ ಹಿತ್ತಾಳೆ ತಂಬಿಗೆ ಇಟ್ಟೆ. ಅದರ ಮೇಲೆ ತೆಂಗಿನಕಾಯಿ. ಕಾಯಿಗೆ ಕಾಡಿಗೆಯಿಂದ ಕಣ್ಣು ಬರೆದು ನತ್ತು ಅಂಟಿಸಿದೆ. ಕಣ್ಣು ಸ್ವಲ್ಪ ಹೆಚ್ಚೇ ಚೆನ್ನಾಗಿ ಬಂದವು. ಸಂಜೆ ಶಟರ್ ಎಳೆಯುವಾಗ, ನಾನು ಎತ್ತ ಸರಿದರೂ ಅವು ನನ್ನನ್ನೇ ನೋಡುತ್ತಿದ್ದವು.

ಮರುದಿನ ಬೆಳಿಗ್ಗೆ ಶಟರ್ ಎತ್ತಿದೆ. ಬೊಂಬೆಯ ಹಣೆಯಲ್ಲಿ ಕುಂಕುಮ, ಮುಡಿಯಲ್ಲಿ ಮಲ್ಲಿಗೆ! ಮಲ್ಲಿಗೆಯ ಮೇಲಿನ ನೀರು ಇನ್ನೂ ಆರಿರಲಿಲ್ಲ. ಶಟರಿನ ಕೀಲಿ ಇಡೀ ರಾತ್ರಿ ನನ್ನ ದಿಂಬಿನ ಕೆಳಗಿತ್ತು.

"ರೀ, ಗೊಂಬಿಗೆ ಹೂವು ಮುಡಿಸಿದವರು ನೀವೇನ್ರಿ?" ಎಂದು ಗಂಡನನ್ನು ಕೇಳಿದೆ.

"ನಿನಗ ಮುಡಿಸಿ ಎಷ್ಟ ವರ್ಷ ಆತು, ಗೊಂಬಿಗೆ ಮುಡಸ್ತೇನೇನು?" ಎಂದರು. ಈ ಉತ್ತರವನ್ನು ನಂಬಲೇಬೇಕಾಯಿತು.

ಆ ರಾತ್ರಿ ನಾನು ಗೋಡೆಗೆ ತಿರುಗಿಸಿಟ್ಟಿದ್ದ ಕಾಯಿಯ ಮುಖ ಮರುದಿನ ಬೀದಿಯ ಕಡೆಗೆ ತಿರುಗಿತ್ತು. ನಾನು ಬೆನ್ನಿಗೆ ಪಿನ್ನು ಹಾಕಿದ್ದ ಸೆರಗು ಮುಂದೆ ಬಂದಿತ್ತು. ಸೆರಗಿನಲ್ಲಿ ಅಕ್ಕಿ, ಉತ್ತತ್ತಿ, ಅರಿಷಿಣದ ಕೊಂಬು. ಯಾರೋ ಅದಕ್ಕೆ ಉಡಿ ತುಂಬಿದ್ದರು! ಕೋಣೆಯಲ್ಲಿ ಊದಿನಕಡ್ಡಿಯ ವಾಸನೆ. ಅದರ ಕಣ್ಣು ತಪ್ಪಿಸಲು ನನ್ನ ಕಣ್ಣು ಮುಚ್ಚಿಕೊಂಡೇ ಸೀರೆಯ ಅಂಚಿಗೆ ಫಾಲ್ ಹೊಲಿದೆ, ಅದು ಡೊಂಕಾಗಿ ಬಂತು.

ಶುಕ್ರವಾರ ಪಿನ್ನು ತರಲು ಪೇಟೆಗೆ ಹೋಗಿ ಬಂದಾಗ ಕರೆಂಟು ಹೋಗಿತ್ತು. ಶಟರಿಗೆ ಕೈ ಹಚ್ಚುವಷ್ಟರಲ್ಲಿ, ಬೀಗ ಹಾಕಿದ ಕೋಣೆಯೊಳಗೆ ಹಲವು ಹೆಂಗಸರು ಪಿಸುಗುಟ್ಟುವ ಸದ್ದು. ಓಡಿಹೋಗಬೇಕೆಂದುಕೊಂಡೆ. ಆದರೆ ಹಿಂದೆ ಗಂಗಕ್ಕ ಮಗಳೊಂದಿಗೆ ರಿಕ್ಷಾ ಇಳಿಯುತ್ತಿದ್ದರು. ಶಟರ್ ಎತ್ತಿದೆ.

ಹೊಗೆಯ ನಡುವೆ ಓಣಿಯ ಹೆಂಗಸರೆಲ್ಲ ಕುಳಿತಿದ್ದರು. ನಡುವೆ ಆರತಿ ಹಿಡಿದ ಅತ್ತೆ!

"ಅತ್ತಿಯಾರ, ನೀವು ಒಳಗ ಹೆಂಗ ಬಂದ್ರಿ?"

"ಅಡಿಗಿಮನಿ ಬಾಗಲದಿಂದ. ಚಿಲಕ ನಮ್ಮ ಕಡೇನ ಐತೆಲ್ಲ! ಶ್ರಾವಣದಾಗ ನೀನ ಲಕ್ಷ್ಮೀನ ಕುಂದ್ರಿಸಿದಿ, ಪೂಜಿ ಮಾಡೋದ ಮರತಿ. ಅದಕ್ಕ ನೀ ಏಳೂದ್ರಾಗ ನಾನ ಮಾಡಾಕತ್ತೇನಿ."

ಆಗ ಬೊಂಬೆಯನ್ನು ಸರಿಯಾಗಿ ನೋಡಿದೆ. ತಂಬಿಗೆ, ಕಾಯಿ, ನತ್ತು, ಸೀರೆ. ಮೂರು ತಿಂಗಳು ಫ್ಯಾಷನ್ ಕಲಿತ ನಾನು ಕೈಯಾರೆ ಲಕ್ಷ್ಮಿಯನ್ನು ಪ್ರತಿಷ್ಠಾಪಿಸಿದ್ದೆ!

ಗಂಗಕ್ಕ ಚಪ್ಪಲಿ ಹೊರಗೆ ಬಿಟ್ಟು ಬಂದು ಅಡ್ಡಬಿದ್ದರು.

"ಅದು ನಿಮ್ಮ ಮಗಳ ಸೀರೀರಿ," ಎಂದೆ. "ಒಂದ ನಿಮಿಷ ತಡೀರಿ, ಬಿಚ್ಚಿ ಕೊಡ್ತೇನಿ."

"ದೇವಿ ಮೈಮ್ಯಾಲಿಂದ ಬಿಚ್ಚತೀಯಾ?" ಎಂದು ಇಡೀ ಓಣಿ ಕಿರುಚಿತು.

ಸುಧಾ ತಾಯಿಯ ಸೆರಗು ಹಿಡಿದಳು. "ಯವ್ವಾ, ಆಕಿ ನನ್ನನ್ನ ನೋಡಾಕತ್ತಾಳ. ನನಗ ಆ ಸೀರಿ ಬ್ಯಾಡ."

ತಾಯಿ ಮಗಳು ಪ್ರಸಾದ ತೆಗೆದುಕೊಂಡು ಬೇರೆ ಅಂಗಡಿಗೆ ಹೋದರು. ನನಗೆ ನಿಜಕ್ಕೂ ಅಳು ಬಂತು. ನನ್ನ ಡಿಸೈನನ್ನು ಜನ ಕೈಮುಗಿದು ನೋಡಿದರು, ಯಾರೂ ಅಳತೆ ಮಾತ್ರ ಕೊಡಲಿಲ್ಲ.

ಈಗ ಪ್ರತಿ ಶುಕ್ರವಾರ ಬುಟಿಕ್ ಭರ್ತಿ. ಮೊನ್ನೆ ಅತ್ತೆ ಕರೆದು ಹೇಳಿದರು. "ದೇವಿಗೆ ಕುಪ್ಪಸ ಬಿಗಿ ಆಗೇತಿ. ಹೊಲಿಗಿ ಬಿಚ್ಚಾಕತ್ತಾವ ನೋಡು. ಈ ಸಲ ಯಾರರ ಛಲೋ ಟೇಲರ್ ಕಡೆ ಹೊಲಿಸೂಣು."

ಹೋಗಿ ಮುಟ್ಟಿ ನೋಡಿದೆ. ಹೌದು, ಬಿಗಿಯಾಗಿತ್ತು. ಆ ಕುಪ್ಪಸವನ್ನು ಅದೇ ಬೊಂಬೆಯ ಮೈಗೆ ಹಾಕಿ ನೋಡಿ, ಎರಡು ಬೆರಳು ಸಡಿಲ ಬಿಟ್ಟು ಹೊಲಿದವಳು ನಾನು. ಕಟ್ಟಿಗೆಯ ಬೊಂಬೆ ದಪ್ಪಗಾಗುವುದಿಲ್ಲ.

ಆ ಕಾಡಿಗೆ ಕಣ್ಣುಗಳ ಕಡೆ ನೋಡುವ ಧೈರ್ಯವಾಗಲಿಲ್ಲ. ತಪ್ಪೆಲ್ಲ ನನ್ನದೇ, ನನಗೆ ಹೊಲಿಗೆ ಬರುವುದಿಲ್ಲ ಎಂದು ಅಲ್ಲೇ, ದೇವಿಗೆ ಕೇಳುವಂತೆ, ಜೋರಾಗಿ ಒಪ್ಪಿಕೊಂಡೆ!