ಮಾವನ ಹಿನ್ನೀರ ಪ್ರದಕ್ಷಿಣೆ

ನಮ್ಮ ಸೋದರಮಾವ ಜನ್ಮದಲ್ಲಿ ಒಂದೇ ಒಂದು ಕೆರೆಯನ್ನೂ ನೋಡಿಲ್ಲ ಎಂದರೆ ನೀವು ನಂಬುವುದಿಲ್ಲ. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆಗೆ ಹೋಗುವವರು ಅವರು! ಆದರೆ ಹೋಗುವುದು ಸುತ್ತಲಿಕ್ಕೆ, ನೋಡಲಿಕ್ಕಲ್ಲ. ನೋಡುತ್ತಾ ನಿಂತರೆ ಸುತ್ತು ಮುಗಿಸುವವರು ಯಾರು?

ಸುತ್ತಿಗೂ ಶಾಸ್ತ್ರವಿದೆ. ದೇವಸ್ಥಾನದ ಪ್ರದಕ್ಷಿಣೆಯಂತೆ ನೀರು ಬಲಕ್ಕೇ ಇರಬೇಕು. ಎದುರಿನಿಂದ ಬರುವವರೆಲ್ಲ ದಾರಿ ತಪ್ಪಿದವರು. ಒಮ್ಮೆ ಊರಿನ ಗೋಕುಲಂ ಬಡಾವಣೆಗೆ ಯೋಗ ಕಲಿಯಲು ಬಂದಿದ್ದ ವಿದೇಶಿ ಹೆಂಗಸನ್ನು ತಡೆದು, "ಮೇಡಂ, ರಾಂಗ್ ಸೈಡ್" ಎಂದು ತಿರುಗಿಸಿ ಕಳಿಸಿದರು. ಆಕೆ ಗುರುಗಳೇ ಸಿಕ್ಕರೆಂದು ಕಾಲಿಗೆ ಬಿದ್ದಳು ಎಂಬುದು ಮಾವನ ಆವೃತ್ತಿ. ನಾನೂ ಅಲ್ಲಿದ್ದೆ ಎಂಬುದು ನನ್ನದು. ಎರಡನ್ನೂ ಪೂರ್ತಿ ನಂಬಬೇಡಿ.

ಅತ್ತೆಯೂ ಅವರ ಹಿಂದೆಯೇ ಸುತ್ತಿದರು, ಮಂಡಿ ಎರಡೂ ಸವೆಯುವವರೆಗೆ. ಗಂಡನ ಜೊತೆ ಒಂದು ಸಲ ಕೂತು ನೀರು ನೋಡಬೇಕೆಂಬ ಅವರ ಆಸೆ ಮಾತ್ರ ಹಾಗೇ ಉಳಿಯಿತು. ಮಂಡಿ ಆಪರೇಷನ್‌ಗೆ ಮುಂಚೆ ಅದಾದರೂ ಆಗಲಿ ಎಂದು ಕಬಿನಿ ಹಿನ್ನೀರಿನ ದಡದಲ್ಲಿ ಟೆಂಟ್ ಬುಕ್ ಮಾಡಿ ಇಬ್ಬರನ್ನೂ ಕರೆದೊಯ್ದೆ.

ಕಾರಿಳಿದವರೇ ಮಾವ ಷೂ ಲೇಸು ಬಿಗಿದರು. ಟೆಂಟ್ ಕಟ್ಟುತ್ತಿದ್ದವನನ್ನು ಕೇಳಿದರು, "ಒಂದು ಸುತ್ತಿಗೆ ಎಷ್ಟೊತ್ತಾಗುತ್ತಪ್ಪ?"

"ಇದು ಕೆರೆ ಅಲ್ಲ ಸಾರ್, ಹಿನ್ನೀರು. ಸುತ್ತಾಕಕ್ಕಾಗಲ್ಲ."

"ಅಂಚಿಲ್ಲದ ನೀರು ಎಲ್ಲಾದ್ರೂ ಇರುತ್ತೇನಯ್ಯ?"

"ಆ ಕಡೆ ಕಾಡು. ಆನೆ ಬತ್ತವೆ."

"ಎದುರಿಂದ ಬರ್ತಾವೋ?"

ಆನೆಗಳಿಗೆ ಯಾವ ಕಡೆಯಿಂದ ಸುತ್ತಬೇಕೆಂದು ಇಲ್ಲಿ ಯಾರೂ ಕಲಿಸಿಲ್ಲವಲ್ಲ ಎಂಬ ಕಳವಳ ಅವರ ಮುಖದಲ್ಲಿ.

"ಇವತ್ತೊಂದಿನ ಕೂತ್ಕೊಳ್ರೀ" ಎಂದರು ಅತ್ತೆ.

"ಈಗ ಬಂದ್ಬುಟ್ಟೆ ಕಣೇ" ಎಂದು ಮಾವ ಹೊರಟೇ ಹೋದರು.

ಅತ್ತೆ ಪಕ್ಕದ ಕುರ್ಚಿಯ ಮೇಲೆ ಕೈಚೀಲವಿಟ್ಟರು. ನಾನು ಕೂರಲು ಹೋದರೆ, "ಅದು ಅವರ್ದು ಕಣೋ, ನೀನು ಆ ಕಲ್ಲಿನ ಮೇಲೆ ಕೂತ್ಕೋ" ಎಂದರು. ಮುಕ್ಕಾಲು ಗಂಟೆ ಆ ಕೈಚೀಲ ಪ್ರಕೃತಿ ಸೌಂದರ್ಯ ಸವಿಯಿತು.

ಮಾವ ಹಿಂತಿರುಗಿದರು, ಹೋದ ದಾರಿಯಲ್ಲೇ. ಅರ್ಧ ಸುತ್ತಿಗೆ ಅವರು ವಾಪಸಾದದ್ದನ್ನು ನಾನಂತೂ ಕಂಡಿರಲಿಲ್ಲ. ಆನೆ ಸಿಕ್ಕಿತೇ ಎಂದು ಕೇಳಿದೆ.

"ಇಲ್ಲ. ಇವಳೊಬ್ಬಳೇ ಕೂತಿರ್ತಾಳೆ ಅನ್ನಿಸ್ತು."

"ನಾನಿದ್ದೆನಲ್ಲ ಮಾವ."

"ನೀನಿದ್ದೆ ಬುಡು" ಎಂದರು, ಟೆಂಟಿನ ಗೂಟವೂ ಇತ್ತು ಎನ್ನುವ ಹಾಗೆ.

ಆಮೇಲೆ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅತ್ತೆಯ ಎದುರಿಗೆ, ನೀರಿಗೆ ಬೆನ್ನು ಹಾಕಿ ಕೂತರು. ಇದು ಯಾವ ಹೊಸ ಶಾಸ್ತ್ರವೋ ಎಂದುಕೊಂಡೆ. ಅಷ್ಟು ಹೊತ್ತೂ ಇಳಿಬಿಸಿಲು ಅತ್ತೆಯ ಕಣ್ಣಿಗೇ ಹೊಡೆಯುತ್ತಿತ್ತು. ನಾನು ಗಮನಿಸಿರಲಿಲ್ಲ. ಈಗ ಅವರ ಮುಖದ ಮೇಲೆ ಮಾವನ ನೆರಳಿತ್ತು.

"ಈಗ ಚೆನ್ನಾಗಿ ಕಾಣುತ್ತಾ?" ಎಂದು ಕೇಳಿದರು ಮಾವ.

ಅವರ ಅಗಲವಾದ ಮೈಯಾಚೆ ಅತ್ತೆಗೆ ಒಂದು ಹನಿ ನೀರೂ ಕಾಣುವಂತಿರಲಿಲ್ಲ.

"ಕಾಣುತ್ತೆ ಕಣ್ರೀ" ಎಂದರು ಅತ್ತೆ.