ಪೈಪಿನೊಳಗಿನ ಗಾಳಿ

ತ್ಯಾಗರಾಜನಗರದ ರಾಮಪ್ರಸಾದರಿಗೆ ಆ ಭಾನುವಾರ ಒದಗಿದ ಪಾಡಿಗೆಲ್ಲ ಕಾರಣ ಒಂದಿಷ್ಟು ಗಾಳಿ. ಅದೂ ಬೀಸುವ ಗಾಳಿಯಲ್ಲ; ಮೀನಿನ ತೊಟ್ಟಿಯ ಪೈಪಿನೊಳಗೆ ಅತ್ತ ಹೋಗದೆ ಇತ್ತ ಬಾರದೆ ಕೂತುಬಿಡುವ ಗಾಳಿ.

ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದ ರಾಮಪ್ರಸಾದರು ಮಹಡಿ ಮೇಲೆ ಬಾಡಿಗೆಗಿದ್ದರು. ಅವರ ಹಾಲ್‌ನಲ್ಲಿ ಟೀವಿಗಿಂತ ದೊಡ್ಡ ಗಾಜಿನ ತೊಟ್ಟಿ, ಅದರಲ್ಲಿ ತುಂಬಿದ ಮನೆಯ ಹೆಂಗಸರಂತೆ ನಿಧಾನವಾಗಿ ಓಡಾಡುವ ಚಿನ್ನದ ಬಣ್ಣದ ಮೀನುಗಳು. ತೊಟ್ಟಿಯ ಕೆಳಗೆ ಇನ್ನೊಂದು ಸಣ್ಣ ತೊಟ್ಟಿ. ಮೇಲಿನ ನೀರು ಕೊಡೆಯ ಹಿಡಿಯ ಹಾಗೆ ಬಾಗಿದ ಪೈಪಿನಲ್ಲಿ ಕೆಳಗಿಳಿದು, ಸ್ಪಂಜಿನಲ್ಲಿ ಸೋಸಿಕೊಂಡು, ಪುಟ್ಟ ಮೋಟರಿನಿಂದ ಮತ್ತೆ ಮೇಲೇರುತ್ತಿತ್ತು. ರಾಮಪ್ರಸಾದರೇ ಕೂತು ಮಾಡಿಕೊಂಡ ಏರ್ಪಾಡು. ತೊಂದರೆ ಒಂದೇ. ಕರೆಂಟು ಹೋಗಿ ಬಂದರೆ ಪೈಪಿನ ಬಾಗಿನಲ್ಲಿ ಗಾಳಿ ನಿಂತು, ನೀರು ಇಳಿಯುವುದು ನಿಂತುಹೋಗುತ್ತಿತ್ತು. ಮೋಟರಿಗೆ ಅದು ಹೇಗೆ ಗೊತ್ತಾಗಬೇಕು? ಅದು ತನ್ನ ಪಾಡಿಗೆ ನೀರನ್ನು ಮೇಲಕ್ಕೆ ತಳ್ಳುತ್ತಲೇ ಇರುತ್ತಿತ್ತು. ಸ್ವಲ್ಪ ಹೊತ್ತಿಗೆ ತೊಟ್ಟಿ ತುಂಬಿ ಹಾಲ್ ತುಂಬ ನೀರು. ಆಗ ಬಾಗಿನ ನೆತ್ತಿಗೆ ಸಿಕ್ಕಿಸಿದ್ದ ಸಣ್ಣ ಟ್ಯೂಬಿಗೆ ಬಾಯಿಟ್ಟು ಗಾಳಿ ಹೀರಿ, ಟ್ಯೂಬು ಮಡಚಿ ಬಟ್ಟೆ ಕ್ಲಿಪ್ಪು ಹಾಕಬೇಕು. ಗಾಳಿಯ ಬೆನ್ನಿಗೇ ಒಂದು ಗುಟುಕು ಮೀನಿನ ನೀರೂ ಬಾಯಿಗೆ ಬರುತ್ತಿತ್ತು.

“ಆ ಬಾಯಲ್ಲಿ ನನ್ನ ಕಾಫಿ ಕುಡೀಬೇಡಿ,” ಎನ್ನುತ್ತಿದ್ದರು ಹೆಂಡತಿ ಸೀತಮ್ಮ.

ಭಾನುವಾರ ಬೆಳಿಗ್ಗೆ ಕೆಳಗಿನಿಂದ ಮನೆ ಮಾಲೀಕ ಗೌರೀಶಂಕರ ಬಂದರು. “ಇವತ್ತು ನಮ್ಮ ಮಗಳು ಇಂಚರನ್ನ ನೋಡೋಕೆ ಉತ್ತರಹಳ್ಳಿಯಿಂದ ಬರ್ತಿದಾರೆ. ನೀವಿಬ್ರೂ ಕೆಳಗೇ ಇರ್ಬೇಕು. ಇನ್ನೊಂದು ಮಾತು ರಾಮಪ್ರಸಾದ್. ಸೀಲಿಂಗಿಗೆ ಹೊಸದಾಗಿ ಬಣ್ಣ ಹೊಡೆಸಿದೀನಿ. ಇನ್ನೊಂದ್ಸಲ ನೀರಿಳಿದ್ರೆ ಆ ಮೀನಿರ್ಬಾರ್ದು, ಇಲ್ಲಾ ನೀವಿರ್ಬಾರ್ದು.”

ಗಂಡಿನ ಕಡೆಯವರು ಬರುವ ಮೊದಲೇ ಕರೆಂಟು ಹೋಯಿತು. ರಾಮಪ್ರಸಾದರು ಇಸ್ತ್ರಿ ಷರಟು ಹಾಕಿಕೊಂಡು, ಮನೆಗೆ ಬೀಗ ಹಾಕಿ ಕೆಳಗಿಳಿದರು. ಸೀತಮ್ಮ ಗೌರೀಶಂಕರರ ಅಡುಗೆಮನೆಯಲ್ಲಿ ಬೋಂಡ ಕರಿಯಲು ನಿಂತರು. ಗಂಡಿನ ಕಡೆಯವರು ಬಂದು ಕೂತರು. ಎದುರುಮನೆಯ ಪಿಳ್ಳಣ್ಣನವರು ಯಾರೂ ಕರೆಯದಿದ್ದರೂ ಬಂದು ಎಲ್ಲಕ್ಕಿಂತ ಒಳ್ಳೆಯ ಕುರ್ಚಿ ಹಿಡಿದಿದ್ದರು. ಹುಡುಗ ವಿಷ್ಣು ತಟ್ಟೆಯಲ್ಲಿದ್ದ ಮೈಸೂರುಪಾಕನ್ನೇ ನೋಡುತ್ತಿದ್ದ. ಇಂಚರ ನೆಲ ನೋಡುತ್ತಿದ್ದಳು. ಮಾತು ಹಳೆಯ ಸ್ಕೂಟರಿನಂತೆ ಎಷ್ಟು ಒದ್ದರೂ ಹತ್ತಿಕೊಳ್ಳಲಿಲ್ಲ.

ಅಷ್ಟರಲ್ಲಿ ಫ್ಯಾನು ತಿರುಗಿತು. “ಸದ್ಯ, ಕರೆಂಟು ಬಂತು,” ಎಂದು ಎಲ್ಲರೂ ಉಸಿರುಬಿಟ್ಟರು. ರಾಮಪ್ರಸಾದರಿಗೆ ಉಸಿರು ನಿಂತಿತು. ಮೋಟರಿನ ಸ್ವಿಚ್ಚು ಆರಿಸಲು ಮರೆತಿದ್ದರು.

“ಒಂದ್ನಿಮಿಷ ಮೇಲೆ ಹೋಗಿ ಬರ್ತೀನಿ,” ಎಂದು ಎದ್ದರು.

ಪಿಳ್ಳಣ್ಣ ಕೈಹಿಡಿದು ಕೂರಿಸಿದರು. “ಎಲ್ಲಿಗೆ ಸಾರ್? ನೋಡಿ, ಇವ್ರು ಬ್ಯಾಂಕಲ್ಲಿದಾರೆ, ಸುಳ್ಳು ಹೇಳಲ್ಲ. ಹುಡುಗಿ ಬಗ್ಗೆ ಇವ್ರನ್ನ ಕೇಳಿ.”

ಗಂಡಿನ ತಂದೆ ಇತ್ತ ತಿರುಗಿದರು. “ಹೇಗೆ ಸಾರ್ ಹುಡುಗಿ?”

“ಒಳ್ಳೆ ಹುಡುಗಿ. ಸೋರಲ್ಲ,” ಎಂದರು ರಾಮಪ್ರಸಾದರು. ತಕ್ಷಣ ನಾಲಗೆ ಕಚ್ಚಿಕೊಂಡು, “ಅಂದ್ರೆ, ಮನೆ ಮಾತು ಹೊರಗೆ ಬಿಡೋಳಲ್ಲ,” ಎಂದು ಸೇರಿಸಿದರು.

ಸ್ವಲ್ಪ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಮತ್ತೆ ಎದ್ದರು. “ಯಾಕೋ ಹೊಟ್ಟೆ ಸರಿಯಿಲ್ಲ, ಮನೆಗೆ...”

“ಮನೆವರೆಗೆ ಯಾಕೆ? ನಮ್ಮ ಬಾತ್‌ರೂಮು ಇಲ್ಲೇ ಇದೆ,” ಎಂದು ಗೌರೀಶಂಕರ ಉಪಚಾರದಿಂದ ಬಾಗಿಲವರೆಗೂ ಬಿಟ್ಟುಬಂದರು. ರಾಮಪ್ರಸಾದರು ಒಳಗೆ ನಿಂತು ಸುಮ್ಮನೆ ಒಂದು ಚೊಂಬು ನೀರು ಸುರಿದು ಹೊರಬಂದರು.

ಬರುವುದಕ್ಕೂ, ಸೀಲಿಂಗಿನಿಂದ ಒಂದು ಹನಿ ಟಪ್ಪೆಂದು ವಿಷ್ಣುವಿನ ಕಾಫಿ ಲೋಟಕ್ಕೆ ಬೀಳುವುದಕ್ಕೂ ಸರಿಹೋಯಿತು. ಎರಡನೆಯದು ಅವನ ತಂದೆಯ ಬೋಳುತಲೆಗೆ ಬಿತ್ತು.

“ಶುಭಶಕುನ,” ಎಂದರು ಪಿಳ್ಳಣ್ಣ.

ಗೌರೀಶಂಕರ ತಲೆಯೆತ್ತಿ ಸೀಲಿಂಗು ನೋಡಿದರು. ಅವರ ಮುಖ ನೋಡಿ ರಾಮಪ್ರಸಾದರು ಮೆಟ್ಟಿಲ ಕಡೆ ಓಡಿದರು. ಹಿಂದೆಯೇ ಪಿಳ್ಳಣ್ಣ, ಅವರ ಹಿಂದೆ ವಿಷ್ಣು, ಏನಾಯಿತೆಂದು ನೋಡಲು ರೇಷ್ಮೆ ಸೀರೆಯ ನೆರಿಗೆ ಎತ್ತಿ ಹಿಡಿದ ಇಂಚರ.

ಹಾಲ್‌ನಲ್ಲಿ ಚಪ್ಪಲಿಗಳು ತೇಲುತ್ತಿದ್ದವು. ರಾಮಪ್ರಸಾದರು ಮೋಟರು ಆರಿಸಿ, ಟ್ಯೂಬು ಬಾಯಿಗಿಟ್ಟು ಎಳೆದರು. ಬರೀ ಗಾಳಿ. ಮತ್ತೆ ಎಳೆದರು. ಕೆನ್ನೆ ಒಳಗೆ ಹೋಗಿ ಕಣ್ಣು ಹೊರಗೆ ಬಂದವೇ ಹೊರತು ನೀರು ಬರಲಿಲ್ಲ.

“ಎಳನೀರು ಕುಡಿಯೋ ಥರ ಎಳೀರಿ,” ಎಂದರು ಪಿಳ್ಳಣ್ಣ. “ಇಲ್ಲಾ ಊದಿ ನೋಡಿ.”

ರಾಮಪ್ರಸಾದರು ಸುಸ್ತಾಗಿ ಕುರ್ಚಿಗೊರಗಿದರು. ಅಲ್ಲಿಯವರೆಗೆ ಬಾಯಿಬಿಡದಿದ್ದ ವಿಷ್ಣು ಪ್ಯಾಂಟು ಮಡಚಿಕೊಂಡು ಮುಂದೆ ಬಂದ. “ಅಂಕಲ್, ಟ್ಯೂಬು ಸೇರೋ ಕಡೆ ಸಂದಿ ಬಿಟ್ಟಿದೆ. ಅಲ್ಲಿಂದ ಗಾಳಿ ಒಳಗೆ ಬರ್ತಿದೆ. ಯಾರಾದ್ರೂ ಒತ್ತಿ ಹಿಡ್ಕೊಂಡ್ರೆ ನಾನು ಎಳೀತೀನಿ.”

ಇಂಚರ ಬಂದು ಎರಡು ಬೆರಳಲ್ಲಿ ಸಂದಿಯನ್ನು ಒತ್ತಿ ಹಿಡಿದಳು. ವಿಷ್ಣು ಎಳೆದ. ಪೈಪು ಗೊಳಗೊಳ ಅಂದು, ಮೇಲಿನ ನೀರೆಲ್ಲ ಸರಸರ ಇಳಿಯತೊಡಗಿತು. ಅವನ ಬಾಯಿಗೂ ಒಂದು ಗುಟುಕು ಬಂತು. ಅದನ್ನು ಉಗುಳುವುದೋ ನುಂಗುವುದೋ ತಿಳಿಯದೆ ಅವನು ಹುಡುಗಿಯ ಮುಖ ನೋಡಿದ, ನುಂಗಿಬಿಟ್ಟ. ಇಂಚರ ಗೋಡೆಗೊರಗಿ ನಕ್ಕಳು. ಅವನೂ ನಕ್ಕ. ನೀರಿನಲ್ಲಿ ನಿಂತೇ ಇಬ್ಬರೂ ಮೀನಿನ ಬಗ್ಗೆ ಅದೆಷ್ಟೋ ಹೊತ್ತು ಮಾತಾಡಿದರು.

ಎಲ್ಲರೂ ಕೆಳಗೆ ಹೋದಮೇಲೆ ರಾಮಪ್ರಸಾದರು ನೆಲ ಒರೆಸುತ್ತ, ಮೀನಿಲ್ಲದೆ ಇಲ್ಲಿರುವುದೋ ಮೀನಿನ ಜೊತೆ ಬೇರೆ ಮನೆ ಹುಡುಕುವುದೋ ಎಂದು ಯೋಚಿಸುತ್ತಿದ್ದರು. ಮೆಟ್ಟಿಲ ಮೇಲೆ ಗೌರೀಶಂಕರರ ಹೆಜ್ಜೆ ಕೇಳಿತು. ಕೈಯಲ್ಲಿ ಮೈಸೂರುಪಾಕಿನ ತಟ್ಟೆಯಿತ್ತು.

“ಒಪ್ಕೊಂಡ್ರು ರಾಮಪ್ರಸಾದ್. ನಿಮ್ಮ ಮೀನಿಂದ ನನ್ನ ಮಗಳಿಗೆ ಕಂಕಣ ಕೂಡಿಬಂತು. ಯಾವ ಮನೆಗೂ ಹೋಗೋದು ಬೇಡ, ಇಲ್ಲೇ ಆರಾಮಾಗಿರಿ.”

ರಾಮಪ್ರಸಾದರ ಕಣ್ಣು ತುಂಬಿ ಬಂತು. ಮೈಸೂರುಪಾಕು ಬಾಯಿಗಿಟ್ಟುಕೊಂಡರು.

“ಪಾಪ, ಒಳ್ಳೆ ಜನ. ಏನೂ ಬೇಡ ಅಂದ್ರು,” ಎಂದು ಗೌರೀಶಂಕರ ಮುಂದುವರಿಸಿದರು. “ನಾನೇ ಬಲವಂತ ಮಾಡ್ದೆ. ಕೊನೆಗೆ ಹುಡುಗ ಈ ತೊಟ್ಟಿ ಕೇಳ್ದ. ಹೂಂ ಅಂದ್ಬಿಟ್ಟೆ.”

ಮೈಸೂರುಪಾಕು ಗಂಟಲಲ್ಲೇ ನಿಂತಿತು. ಗೌರೀಶಂಕರರ ಹಿಂದೆಯೇ ಮೇಲೆ ಬಂದಿದ್ದ ಸೀತಮ್ಮ, “ಕೊಡೋಣ ಬಿಡಿ, ಧಾರಾಳವಾಗಿ,” ಎಂದರು. ತೊಟ್ಟಿಯಿದ್ದ ಮೂಲೆಗೆ ಹೊಲಿಗೆ ಮಿಷನ್ನು ಸರಿಹೋಗುತ್ತದೆಯೇ ಎಂದು ಆಗಲೇ ಗೇಣು ಹಾಕತೊಡಗಿದ್ದರು.

“ಇನ್ನೊಂದು ವಿಷ್ಯ,” ಎಂದರು ಗೌರೀಶಂಕರ. “ಬೀಗರು ಕೇಳಿದ್ರು, ಹುಡುಗ ಕೆಲಸಕ್ಕೆ ಹೋದಾಗ ಪೈಪಲ್ಲಿ ಗಾಳಿ ನಿಂತ್ರೆ ಎಳೆಯೋರು ಯಾರು ಅಂತ. ನಮ್ಮ ರಾಮಪ್ರಸಾದ್ ಇದಾರಲ್ಲ, ಫೋನ್ ಮಾಡಿದ್ರೆ ಓಡಿ ಬರ್ತಾರೆ ಅಂದೆ. ತುಂಬಾ ಸಂತೋಷಪಟ್ರು.”

ರಾಮಪ್ರಸಾದರು ತೊಟ್ಟಿಯ ಕಡೆ ನೋಡಿದರು. ಮೀನುಗಳು ಏನೂ ಆಗಿಲ್ಲವೆಂಬಂತೆ ಬಾಯಿ ತೆರೆದು ಮುಚ್ಚುತ್ತಿದ್ದವು. ಅವರು ನೆಲದ ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕಿ, ಮೆಲ್ಲನೆ ಕೇಳಿದರು:

“ಉತ್ತರಹಳ್ಳಿಗೆ ಇಲ್ಲಿಂದ ಎಷ್ಟನೇ ನಂಬರ್ ಬಸ್ಸು ಸಾರ್?”