ಸಮೋವಾದ ಚಂದ್ರನೂ ಕಾರಿನ ಮುಂದಿನ ಸೀಟೂ

ಶಿವಕುಮಾರನ ಹೊಟ್ಟೆಗೆ ಆ ಶನಿವಾರ ಬೆಳಿಗ್ಗೆ ಬೆಂಕಿ ಬಿದ್ದದ್ದು ಗಿರ್ಮಿಟ್ಟಿನ ಜೊತೆಗೆ. ಐಸ್‌ಕ್ರೀಮಿನ ಹಳೆಯ ಡಬ್ಬಿಯಲ್ಲಿ ಮಂಡಕ್ಕಿಯ ಗಿರ್ಮಿಟ್ಟು ತುಂಬಿಕೊಂಡು ಪಕ್ಕದ ಮನೆಯ ಭಾಗೀರಥಿ ಕಾಕು ಹಿತ್ತಲ ಬಾಗಿಲಿನಿಂದ ಒಳಗೆ ಬಂದರು. ಧಾರವಾಡ ಬಿಟ್ಟು ವಿಲಾಯತಿಯ ಹಡರ್ಸ್‌ಫೀಲ್ಡಿಗೆ ಬಂದು ಅರ್ಧ ಆಯುಷ್ಯ ಕಳೆದಿದ್ದರೂ ಮುಂಬಾಗಿಲ ಬೆಲ್ಲು ಒತ್ತುವ ಅಭ್ಯಾಸ ಅವರಿಗೆ ಆಗಿರಲಿಲ್ಲ.

"ಶಿವಕುಮಾರಾ, ಸುದ್ದಿ ಗೊತ್ತಾತೇನು? ಉಲ್ಲಾಸ್ ಡಾಕ್ಟರ್ ಟೆಲಿಸ್ಕೋಪ್ ತೊಗೊಂಡಾರ. ನನ್ನಷ್ಟು ಎತ್ತರ ಅದ ಅಂತ. ಇವತ್ತ ಸಂಜಿಗೆ ಕೂಟಕ್ಕ ತರ್ತಾರಂತ. ಚಂದ್ರನ್ನ ತೋರಸ್ತಾರಂತ!"

ಬಾಯಿಯ ಕಡೆ ಹೊರಟಿದ್ದ ಚಮಚ ಅರ್ಧ ದಾರಿಯಲ್ಲಿ ನಿಂತಿತು. "ಚಂದ್ರನ್ನಾ?"

"ಮತ್ತ, ಸೂರ್ಯ ಈ ಊರಾಗ ಎಲ್ಲಿ ಸಿಗಬೇಕೋ ಮಾರಾಯಾ!"

ಶಿವಕುಮಾರ ಚಮಚ ಕೆಳಗಿಟ್ಟ. ಚಂದ್ರ ಅವನ ಸ್ವತ್ತಾಗಿತ್ತು. ಮೂರು ಸಾಲು ಗುಡ್ಡದಾಚೆಯ ಡಿಡ್ಸ್‌ಬರಿಯಲ್ಲಿ ಕೂತ ಉಲ್ಲಾಸ್ ಡಾಕ್ಟರಿಗೆ ಅದನ್ನು ಮುಟ್ಟುವ ಹಕ್ಕು ಯಾರು ಕೊಟ್ಟರು?

ವಿಷಯ ಇಷ್ಟು. ಅವರ ಗೆಳೆಯರ ಕನ್ನಡ ಕೂಟದಲ್ಲಿ ತಿಂಗಳಿಗೊಮ್ಮೆ ಒಬ್ಬ ಸದಸ್ಯ ಮಾತಾಡಬೇಕು. ಅಕ್ಟೋಬರಿನ ಸರದಿಯವರು ಚೆನ್ನಾಗಿ ಮಾತಾಡಿದರೆ ಅವರನ್ನು ಮ್ಯಾಂಚೆಸ್ಟರಿನ ರಾಜ್ಯೋತ್ಸವದ ದೊಡ್ಡ ವೇದಿಕೆಗೆ ಕಳಿಸುತ್ತಾರೆ. ಈ ಅಕ್ಟೋಬರು ಶಿವಕುಮಾರನದು. ಕೌನ್ಸಿಲಿನಲ್ಲಿ ಟ್ರಾಫಿಕ್ ಸಿಗ್ನಲ್ ರಿಪೇರಿ ಮಾಡಿಸುವ ಅವನಿಗೆ ಇಷ್ಟು ವರ್ಷದಲ್ಲಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಸಿಗ್ನಲ್ ಸರಿಯಾದಾಗ ಯಾರು ತಟ್ಟುತ್ತಾರೆ? ಆದ್ದರಿಂದ ಅವನು ಲೈಬ್ರರಿಯ ಸಂಜೆ ತರಗತಿಗೆ ಸೇರಿ, ಜಗತ್ತಿನ ಭಾಷೆಗಳ ಬಗ್ಗೆ ಪಾಠ ಕೇಳಿ, ಬೇಸಿಗೆಯನ್ನೆಲ್ಲ ಒಂದೇ ಮಾತಿನ ಬೆನ್ನು ಹತ್ತಿ ಕಳೆದಿದ್ದ.

ಆ ಮಾತು ಚಂದ್ರ. ಮಲಯದಲ್ಲಿ ಬುಲಾನ್, ಜಾವಾದಲ್ಲಿ ವುಲಾನ್, ಫಿಲಿಪೀನ್ಸಿನಲ್ಲಿ ಬುವಾನ್, ಫಿಜಿಯಲ್ಲಿ ವುಲಾ. ಇತ್ತ ಆಫ್ರಿಕಾದ ಮಗ್ಗುಲಿನ ಮಡಗಾಸ್ಕರಿನಲ್ಲಿ ವೊಲಾನಾ. ದೋಣಿಯಲ್ಲಿ ಹೊರಟ ಜನ ಅಕ್ಕಿ ಹಂದಿಗಳ ಜೊತೆ ಚಂದ್ರನ ಹೆಸರನ್ನೂ ಕಟ್ಟಿಕೊಂಡು ಹೋಗಿದ್ದರು. ಇನ್ನೂ ಮುಂದೆ, ಸಮೋವಾ ತಲುಪುವಷ್ಟರಲ್ಲಿ, ಹೆಸರೇ ಬದಲಾಗಿ ಮಾಸಿನಾ ಆಯಿತು. ಆದರೆ ಎಲ್ಲ ಕಡೆಯೂ ಆಕಾಶದ ಚಂದ್ರನಿಗೆ ಯಾವ ಹೆಸರೋ ಕ್ಯಾಲೆಂಡರಿನ ತಿಂಗಳಿಗೂ ಅದೇ. ಇಷ್ಟು ಹೇಳಿ, ಒಂದು ಗುಟುಕು ನೀರು ಕುಡಿದು, "ನಮ್ಮ ತಿಂಗಳು, ಬೆಳದಿಂಗಳು ಮಾತ್ರ ಬೇರೆ ಏನು?" ಎಂದು ಕೇಳಿ ಸಭೆಯನ್ನು ಬೆರಗುಗೊಳಿಸುವುದು ಅವನ ಉಪಾಯ. ಆ ಕೊನೆಯ ಮಾತನ್ನು ಯಾರಿಗೂ ಹೇಳಿರಲಿಲ್ಲ. ವಿಷಯ ಚಂದ್ರ ಎನ್ನುವುದಷ್ಟೇ ಕೂಟದ ಕಾರ್ಯದರ್ಶಿ ಸರ್ದಾರನಿಗೆ ಗೊತ್ತಿತ್ತು. ಹೆಂಡತಿ ಶೋಭಾಗೆ ಅದೂ ಗೊತ್ತಿರಲಿಲ್ಲ. ಅವಳು ಮೊದಲ ಸಾಲಿನಲ್ಲಿ ಕೂತು ಬೆರಗಾಗಬೇಕಿತ್ತು.

ಯಾಕೆಂದರೆ ಶೋಭಾ ಈವರೆಗೆ ಬೆರಗಾದದ್ದೆಲ್ಲ ಉಲ್ಲಾಸನಿಗೆ. ಉಲ್ಲಾಸ್ ಮೈಸೂರಿನವನು, ಮೂಳೆ ಡಾಕ್ಟರು, ಮೊಣಕಾಲು ಅವನ ವಿಶೇಷ. ಕೊಳಲು ಊದುತ್ತಿದ್ದ, ಮನೆಯಲ್ಲೇ ಬ್ರೆಡ್ ಸುಡುತ್ತಿದ್ದ, ಅವನ ಲಾನು ಹೊಸದಾಗಿ ಕ್ಷೌರ ಮಾಡಿಸಿಕೊಂಡ ಮದುಮಗನಂತಿರುತ್ತಿತ್ತು. "ಉಲ್ಲಾಸ್ ಅವ್ರನ್ನ ನೋಡ್ರಿ" ಎಂದು ಶೋಭಾ ದಿನಕ್ಕೊಮ್ಮೆಯಾದರೂ ಹೇಳುವಳು. ಅವಳು ಹೇಳದ ದಿನ ಶಿವಕುಮಾರ ತಾನೇ ಹೇಳಿಕೊಳ್ಳುತ್ತಿದ್ದ.

ಈಗ ಅವನು ಟೆಲಿಸ್ಕೋಪಿನಲ್ಲಿ ನಿಜವಾದ ಚಂದ್ರನನ್ನೇ ತೋರಿಸಿದರೆ ಇವನ ಬುಲಾನ್ ವುಲಾನ್ ಯಾರಿಗೆ ಬೇಕು?

"ಪುಸ್ತಕದಲ್ಲಿರುವುದು ಮಾತಿನ ಫೋಟೋ, ಮಾತು ಇರುವುದು ಬಾಯಲ್ಲಿ" ಎಂದು ತರಗತಿಯ ಮೇಡಂ ಹೇಳಿದ್ದು ನೆನಪಾಯಿತು. ಬಾಯಿ ಬೇಕು! ಆ ದ್ವೀಪಗಳ ಜೀವಂತ ಮನುಷ್ಯನೊಬ್ಬ ವೇದಿಕೆ ಹತ್ತಿ ತನ್ನ ಬಾಯಿಂದ ಚಂದ್ರನ ಹೆಸರು ಹೇಳಿದರೆ ಯಾವ ಟೆಲಿಸ್ಕೋಪು ಎದುರು ನಿಲ್ಲುತ್ತದೆ?

ಅವನು ಕಾರಿನ ಕೀಲಿ ಎತ್ತಿಕೊಂಡ.

ಬೀದಿಯ ತುದಿಯ ಬಸ್ ಸ್ಟಾಪಿನಲ್ಲಿ ಆಸ್ಪತ್ರೆಯ ನರ್ಸ್ ಮಾರಿಸೆಲ್ ನಿಂತಿದ್ದಳು. ಫಿಲಿಪೀನ್ಸಿನವಳು, ಕ್ರಿಸ್‌ಮಸ್‌ಗೆ ಕೇಕ್ ಕೊಟ್ಟಷ್ಟು ಪರಿಚಯ. ಶಿವಕುಮಾರ ಕಾರು ನಿಲ್ಲಿಸಿ ಓಡಿದ.

"ಮಾರಿಸೆಲ್, ಸಂಜೆ ನನ್ನ ಜೊತೆ ಬರ್ತೀರಾ? ಹೆಚ್ಚೇನೂ ಇಲ್ಲ, ಎಲ್ಲರ ಮುಂದೆ ನಿಂತು ಚಂದ್ರ ಅಂದ್ರೆ ಸಾಕು."

ಅವಳು ಅರ್ಧ ಹೆಜ್ಜೆ ಹಿಂದೆ ಸರಿದಳು. "ಸಂಜೆ ನನ್ನ ಶಿಫ್ಟ್ ಇದೆ. ನೀವು ಆರಾಮಾಗಿದ್ದೀರಿ ತಾನೇ?"

"ಒಂದೇ ಒಂದು ಸಲ! ಚಂದ್ರ!" ಎಂದು ಶಿವಕುಮಾರ ಕೈ ಮುಗಿದ. ಕೈ ಮುಗಿದ ಹೊತ್ತಿಗೇ ಭಾಗೀರಥಿ ಕಾಕು ಚಕ್ರದ ಚೀಲ ಎಳೆಯುತ್ತ ಪಕ್ಕದಲ್ಲಿ ಹಾದುಹೋದರು. ಚೀಲದ ಚಕ್ರ ಒಂದು ಕ್ಷಣ ನಿಂತು ಮತ್ತೆ ತಿರುಗಿತು.

ಬಸ್ಸು ಬಂದು ಮಾರಿಸೆಲ್ ಹತ್ತಿದ್ದಷ್ಟೇ, ಅವನ ಫೋನ್ ಬಡಿದುಕೊಂಡಿತು.

"ಏನ್ರೀ, ಬಸ್ ಸ್ಟಾಪಿನಾಗ ಯಾರಿಗೋ ಕೈ ಮುಗದು ಚಂದ್ರನ್ನ ಕೇಳಾಕ ಹತ್ತೀರಂತ?" ಶೋಭಾಳ ದನಿ ಫ್ರಿಜ್ಜಿನಿಂದ ತೆಗೆದ ಹಾಗಿತ್ತು.

"ಅದು... ಸಂಜಿಗೆ ಎಲ್ಲಾ ತಿಳೀತೈತಿ ತಗೋ."

"ತಿಳೀಲಿ" ಎಂದವಳು ಫೋನಿಟ್ಟಳು.

ಇನ್ನೊಬ್ಬನಾಗಿದ್ದರೆ ಅಲ್ಲಿಗೆ ಮನೆಗೆ ಹೋಗುತ್ತಿದ್ದ. ಆದರೆ ಹೊಟ್ಟೆಯ ಉರಿ ಸ್ಟಿಯರಿಂಗನ್ನು ಬೇರೆ ಕಡೆ ತಿರುಗಿಸಿತು. ಆ ಊರಿನ ರಗ್ಬಿ ಮೈದಾನಗಳಿಗೆ ದಕ್ಷಿಣ ಸಮುದ್ರದ ದ್ವೀಪಗಳಿಂದ ಆಟಗಾರರು ಬಂದು ಆಡುವುದುಂಟು. ಕಾಲಿಗೆ ಪೆಟ್ಟಾಗಿ ಆಟ ಬಿಟ್ಟ ಒಬ್ಬ ಸಮೋವಾದವನು ಶನಿವಾರ ಶನಿವಾರ ಮಕ್ಕಳಿಗೆ ಹೇಳಿಕೊಡುತ್ತಾನೆಂದು ಆಫೀಸಿನಲ್ಲಿ ಕೇಳಿದ್ದ.

ಮೈದಾನ ಮಳೆಗೆ ಗಂಜಿಯ ಹಾಗೆ ಕಲಸಿಕೊಂಡಿತ್ತು. ಆಫೀಸಿನ ಬೂಟಿನಲ್ಲೇ ಶಿವಕುಮಾರ ಗೆರೆ ದಾಟಿದ. ನಾಲ್ಕು ಹೆಜ್ಜೆ ನಡೆದ, ಉಳಿದದ್ದನ್ನು ಜಾರಿದ. ನಿಂತದ್ದು ಎರಡು ಕಾಲುಗಳ ಮುಂದೆ. ಕಾಲುಗಳಲ್ಲ, ಕಂಬಗಳು.

ಕಂಬಗಳ ಒಡೆಯ ಒಂದೇ ಕೈಯಲ್ಲಿ ಅವನನ್ನು ಕಾಯಿಪಲ್ಯದ ಚೀಲದಂತೆ ಎತ್ತಿ ನಿಲ್ಲಿಸಿದ. "ಮಗುವನ್ನು ಸೇರಿಸಲು ಬಂದಿರಾ?"

"ಇಲ್ಲ. ನಿಮ್ಮನ್ನು ಕರೆದುಕೊಂಡು ಹೋಗಲು ಬಂದೆ. ನಿಮ್ಮಲ್ಲಿ ಚಂದ್ರನಿಗೆ ಏನೆನ್ನುತ್ತೀರಿ?"

"ಮಾಸಿನಾ."

ಶಿವಕುಮಾರನ ಕೆಸರು ಮುಖ ಅರಳಿತು. ಪುಸ್ತಕದಲ್ಲಿ ಒಣಗಿ ಕೂತಿದ್ದ ಮಾತು ಆ ಗಂಟಲಿನಲ್ಲಿ ಸಮುದ್ರದಷ್ಟು ಆಳವಾಗಿ ಕೇಳಿತು. ಅವನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

ದೈತ್ಯ ನಕ್ಕ. "ನನ್ನ ಹೆಸರು ಫೆತು. ಅಂದರೆ ನಕ್ಷತ್ರ. ನಕ್ಷತ್ರ ಸಿಕ್ಕರೂ ನಿಮಗೆ ಚಂದ್ರನೇ ಬೇಕಲ್ಲ! ಬರ್ತೀನಿ ನಡೀರಿ. ಇಂಡಿಯಾದವರು ಕರೆದರೆ ನಾನು ಇಲ್ಲ ಅನ್ನೋದಿಲ್ಲ."

ತನ್ನ ಮಾತಿನ ಮೋಡಿ ಕೆಲಸ ಮಾಡಿತು ಎಂದುಕೊಂಡ ಶಿವಕುಮಾರ. ಯಾಕೆ ಇಲ್ಲ ಅನ್ನುವುದಿಲ್ಲ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಸಂಜೆ ಫೆತುವನ್ನು ಹತ್ತಿಸಿಕೊಂಡಾಗ ಪುಟ್ಟ ಕಾರು ಒಂದು ಮಗ್ಗುಲಿಗೆ ವಾಲಿ ಉಸಿರು ಬಿಟ್ಟಿತು. "ಈ ಕಾಲು ಚಾಚಬೇಕು, ಕ್ಷಮಿಸಿ" ಎಂದು ಫೆತು ಸೀಟನ್ನು ಹಿಂದಕ್ಕೆ ಒತ್ತಿದ. ಕೆಳಗೆಲ್ಲೋ ಲಟಕ್ ಎಂದಿತು. ಸೀಟು ಮಂಚವಾಗಿ ಮಲಗಿ, ಮತ್ತೆ ಏಳಲಿಲ್ಲ. ಚಂದ್ರನಿಗಾಗಿ ಒಂದು ಸೀಟು ಹೋದರೆ ಹೋಗಲಿ ಎಂದುಕೊಂಡ ಶಿವಕುಮಾರ.

ಚರ್ಚಿನ ಹಾಲಿನಲ್ಲಿ ಆಗಲೇ ಜನ ತುಂಬಿದ್ದರು. ಮೂಲೆಯಲ್ಲಿ ಬಟ್ಟೆ ಹೊದ್ದು ಟೆಲಿಸ್ಕೋಪು ನಿಂತಿತ್ತು. ಫೆತು ಕೋಟು ತಗುಲಿಸಲು ಹೋದಾಗ ಉಲ್ಲಾಸ್ ನಗುತ್ತ ಬಂದ.

"ಶಿವಕುಮಾರ್, ಒಂದ್ನಿಮಿಷ. ಟೆಲಿಸ್ಕೋಪ್ ವಿಷ್ಯ ನಿಮ್ಮತ್ರ ಮಾತಾಡ್ಬೇಕಿತ್ತು."

"ಆಮೇಲೆ, ಡಾಕ್ಟ್ರೇ" ಎಂದು ಶಿವಕುಮಾರ ಮುಖ ತಿರುಗಿಸಿದ. ಉಲ್ಲಾಸ್ ಪೆಚ್ಚಾಗಿ ಟೆಲಿಸ್ಕೋಪು ಎತ್ತಿಕೊಂಡು ಅಂಗಳಕ್ಕೆ ಹೋದ. ಮೊದಲ ಗೆಲುವು!

ಅಷ್ಟರಲ್ಲಿ ಸರ್ದಾರ್ ಓಡಿ ಬಂದ. ಕಲಬುರಗಿಯವನು, ಲೀಡ್ಸಿನಲ್ಲಿ ಕಂಪ್ಯೂಟರ್ ಕೆಲಸ, ಕೂಟದ ನಿಯಮ ಅಂದರೆ ಪ್ರಾಣ. "ಶಿವಕುಮಾರ್ ಭಾಯ್, ಯಾರು ಇವ್ರು? ಅತಿಥೀನಾ? ಮೊದ್ಲೇ ಹೇಳೋದಲ್ವಾ! ಹಾರ, ಶಾಲು, ಪೇಟ ಎಲ್ಲಾ ನನ್ನ ಕಾರಿನ ಡಿಕ್ಕಿಯಲ್ಲೇ ಇದೆ, ತರ್ತೀನಿ."

"ಅದೆಲ್ಲಾ ಬ್ಯಾಡ, ಸರ್ದಾರ್. ನನ್ನ ಮಾತಿನ ನಡುವ ಬಂದು ಒಂದು ಶಬ್ದ ಹೇಳಿದ್ರ..."

"ಅದ್ಹೆಂಗಾಗುತ್ತೆ? ಹೊರಗಿನ ಅತಿಥಿ ಬಂದ್ರೆ ಎಲ್ಲಕ್ಕಿಂತ ಮೊದ್ಲು ಸನ್ಮಾನ, ಆಮೇಲೆ ಅವರಿಂದ ಎರಡು ಮಾತು. ಈ ರೂಲ್ ಮಾಡ್ಸಿದ್ದು ಯಾರು? ನೀವೇ ಅಲ್ವಾ?"

ನಿಜ. ಹಿಂದೊಮ್ಮೆ ಶಿವಕುಮಾರ ಕರೆತಂದ ಆಫೀಸಿನ ಸಾಹೇಬನಿಗೆ ಯಾರೂ ಕುರ್ಚಿ ಕೊಡಲಿಲ್ಲವೆಂದು ಅವನು ಜಗಳ ತೆಗೆದು, ಒಂದು ಇಡೀ ಸಭೆ ಹಟ ಹಿಡಿದು ಕೂತು ಮಾಡಿಸಿದ್ದ ನಿಯಮ ಅದು.

ಫೆತುವಿಗೆ ಶಾಲು ಹೊದಿಸಿದರು. ಅದು ಅವನ ಹೆಗಲ ಮೇಲೆ ಕರವಸ್ತ್ರವಾಯಿತು. ಮೈಸೂರು ಪೇಟ ತಲೆಯ ತುದಿಯಲ್ಲಿ ತಟ್ಟೆ ಇಡ್ಲಿಯ ಹಾಗೆ ಕೂತಿತು. ಮಕ್ಕಳು ಕುರ್ಚಿ ಹತ್ತಿ ಕೇಕೆ ಹಾಕಿದರು. ಸರ್ದಾರ್ ಮೈಕು ಕೊಟ್ಟ. "ಎರಡು ಮಾತು."

ದ್ವೀಪದವರಿಗೆ ಎರಡು ಮಾತು ಅಂದರೆ ಏನೆಂದು ಯಾರಿಗೆ ಗೊತ್ತಿತ್ತು? ಫೆತು ತನ್ನ ಹಳ್ಳಿಗೆ ವಂದಿಸಿದ, ಈ ಊರಿಗೆ ವಂದಿಸಿದ, ಸಮುದ್ರಕ್ಕೆ ವಂದಿಸಿದ. ಅಜ್ಜಿ ಹೇಳಿಕೊಟ್ಟ ಹಾಡು ಹಾಡಿದ, ಚಪ್ಪಾಳೆ ಹೇಗೆ ತಟ್ಟಬೇಕೆಂದು ಎಲ್ಲರಿಗೂ ಕಲಿಸಿದ. ಹಾಲಿನ ಕಿಟಕಿಗಳು ಅದುರಿದವು. ಭಾಗೀರಥಿ ಕಾಕು ಜೊತೆ ಮೊದಲೇ ಬಂದಿದ್ದ ಶೋಭಾ ಮೊದಲ ಸಾಲಿನಲ್ಲಿ ಕಣ್ಣರಳಿಸಿ ಕೂತಿದ್ದಳು.

"ನಮ್ಮಲ್ಲಿ ಚಂದ್ರ ಅಂದರೆ ಮಾಸಿನಾ" ಎಂದ ಫೆತು. "ತಿಂಗಳು ಅಂದರೂ ಮಾಸಿನಾ."

ಭಾಗೀರಥಿ ಕಾಕು ಕೂತಲ್ಲಿಂದಲೇ ಕೈ ಬೀಸಿದರು. "ಅಯ್ಯ, ಅದ್ರಾಗೇನದ? ನಮ್ಮಲ್ಲೂ ಹಂಗ ಅಲ್ಲೇನು! ತಿಂಗಳು, ಬೆಳದಿಂಗಳು!"

"ಹೌದಲ್ಲ! ಬೆಳದಿಂಗಳು!" ಎಂದಿತು ಇಡೀ ಹಾಲು.

ಶಿವಕುಮಾರನ ಇಡೀ ಬೇಸಿಗೆ ಚಟ್ನಿಯಾದದ್ದಕ್ಕೆ ಒಂದು ಉಸಿರಿನಷ್ಟೂ ಹೊತ್ತು ಹಿಡಿಯಲಿಲ್ಲ. ಹೋಗಲಿ, ವೊಲಾನಾ ಇನ್ನೂ ಉಳಿದಿದೆ ಎಂದು ಗಂಟಲು ಸರಿಮಾಡಿಕೊಳ್ಳುವಾಗ ಅಂಗಳದ ಬಾಗಿಲು ತೆರೆದು ಉಲ್ಲಾಸ್ ಒಳಗೆ ಬಂದ.

ಫೆತು ಮೈಕು ಬಿಟ್ಟು ಗರ್ಜಿಸಿದ. "ಡಾಕ್ಟರ್!"

ವೇದಿಕೆಯಿಂದ ಹಾರಿ, ಕುರ್ಚಿಗಳ ನಡುವೆ ದಾರಿ ಮಾಡಿಕೊಂಡು ಓಡಿ, ಉಲ್ಲಾಸನನ್ನು ನೆಲದಿಂದ ಎತ್ತಿ ಅಪ್ಪಿಕೊಂಡ. "ಈ ಮನುಷ್ಯ! ನೀನಿನ್ನು ನಡೆಯೋದೇ ಕಷ್ಟ ಅಂದಿದ್ದರು ಎಲ್ಲರೂ. ಈತ ನನ್ನ ಮೊಣಕಾಲು ಮತ್ತೆ ಮಾಡಿಕೊಟ್ಟ! ಈತನಿಂದಾಗಿಯೇ ಇಂಡಿಯಾದವರು ಕರೆದರೆ ನಾನು ಇಲ್ಲ ಅನ್ನೋದಿಲ್ಲ!" ಎಂದವನು ಸಾಕ್ಷಿಗಾಗಿ ಅಲ್ಲೇ ಕುಣಿದು ತೋರಿಸಿದ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶೋಭಾ ಎಲ್ಲರಿಗಿಂತ ಮೊದಲು ಎದ್ದಿದ್ದಳು. ಸರ್ದಾರನ ಡಿಕ್ಕಿಯಲ್ಲಿ ಇನ್ನೊಂದು ಶಾಲು ಇದ್ದೇ ಇತ್ತು.

ಶಾಲಿನ ಜೊತೆಗೆ ಹಾಲಿನ ಕಾವಲುಗಾರ ಕೀಲಿಗೊಂಚಲು ಅಲ್ಲಾಡಿಸುತ್ತ ಬಂದ. ಸರ್ದಾರ್ ಶಿವಕುಮಾರನ ಕಿವಿಯಲ್ಲಿ ಹೇಳಿದ: "ಟೈಮ್ ಆಯ್ತು ಭಾಯ್, ಬೇಜಾರು ಮಾಡ್ಕೋಬೇಡಿ. ನಿಮ್ಮದು ಮುಂದಿನ ತಿಂಗಳು. ಈಗ ವಂದನಾರ್ಪಣೆ ಮಾಡ್ಬಿಡಿ. ಮ್ಯಾಂಚೆಸ್ಟರಿಗೆ ಡಾಕ್ಟ್ರು, ಫೆತು ಇಬ್ರನ್ನೂ ಕಳಿಸೋದು ಅಂತಾಯ್ತು. ಫೆತುನ ನೀವೇ ಕರ್ಕೊಂಡು ಬನ್ನಿ. ನಿಮ್ಮ ಕಾರಿನ ಸೀಟು ಅವ್ರಿಗೆ ಸರಿಯಾಗಿ ಕೂತಿದೆಯಂತೆ."

ಶಿವಕುಮಾರ ವಂದಿಸಿದ. ಉಲ್ಲಾಸನಿಗೂ ವಂದಿಸಿದ.

ಅಂಗಳದಲ್ಲಿ ಎಲ್ಲರೂ ಟೆಲಿಸ್ಕೋಪಿಗೆ ಸಾಲು ನಿಂತಾಗ ಉಲ್ಲಾಸ್ ಅವನನ್ನು ಪಕ್ಕಕ್ಕೆ ಕರೆದ. "ತುಂಬಾ ಬೇಜಾರಾಯ್ತು ಕಣ್ರೀ. ನಿಮ್ಮ ಮಾತು ಚಂದ್ರನ ಬಗ್ಗೆ ಅಂತ ಸರ್ದಾರ್ ಗುಟ್ಟಾಗಿ ಹೇಳಿದ್ರು. ಅದು ಮುಗಿದ್ಮೇಲೆ ಮಕ್ಕಳಿಗೆ ತೋರಿಸಿದ್ರೆ ನಿಮ್ಮ ಭಾಷಣಕ್ಕೆ ಒಂದು ಕಳೆ ಬರುತ್ತೆ ಅಂತ ಇದನ್ನ ಹೊತ್ಕೊಂಡು ಬಂದೆ. ನಾನು ಮಾತಾಡೋನೇ ಅಲ್ಲ. ನನಗೆ ಸ್ಟೇಜ್ ಅಂದ್ರೆ ಭಯ."

ಶಿವಕುಮಾರನಿಗೆ ಅವನನ್ನು ದ್ವೇಷಿಸಲು ಉಳಿದಿದ್ದ ಕೊನೆಯ ಕಾರಣವೂ ಕೈ ಜಾರಿತು. ಅದಕ್ಕಾಗಿ ಇನ್ನಷ್ಟು ಸಿಟ್ಟು ಬಂತು.

ಫೆತುವನ್ನು ಉಲ್ಲಾಸನೇ ತನ್ನ ದೊಡ್ಡ ಕಾರಿನಲ್ಲಿ ಮನೆಗೆ ಬಿಡಲು ಕರೆದೊಯ್ದ. ಶೋಭಾ ಮುರಿದ ಸೀಟಿನಲ್ಲಿ ಮಲಗಿಕೊಂಡೇ ಮನೆಗೆ ಹೊರಟಳು. ಕಿಟಕಿಯಲ್ಲಿ ಚಂದ್ರ ಜೊತೆಜೊತೆಗೆ ಬರುತ್ತಿದ್ದ.

"ಎಷ್ಟ್ ಚಂದ ಕಾಣ್ತಾನ ನೋಡ್ರಿ. ಇಷ್ಟ್ ವರ್ಷ ಆತು, ಹಿಂಗ ನೋಡೇ ಇರಲಿಲ್ಲ. ಎಲ್ಲಾ ಉಲ್ಲಾಸ್ ಅವ್ರಿಂದ" ಎಂದಳು. ಆಮೇಲೆ ಮೆತ್ತಗೆ ಕೇಳಿದಳು: "ಅಲ್ರೀ, ನಿಮ್ಮ ಮಾತು ಉಳೀತಲ್ಲ. ಯಾವುದರ ಬಗ್ಗೆ ಮಾತಾಡಾವ್ರಿದ್ರಿ?"

ಈಗ ಚಂದ್ರ ಎಂದರೆ ಉಲ್ಲಾಸನ ಎಂಜಲು ಎತ್ತಿಕೊಂಡಂತೆ. ಶಿವಕುಮಾರ ಎದುರಿನ ಕೆಂಪು ದೀಪ ನೋಡಿ ಕಾರು ನಿಲ್ಲಿಸಿದ.

"ಟ್ರಾಫಿಕ್ ಸಿಗ್ನಲ್ ಬಗ್ಗೆ" ಎಂದ.

"ಓಹೋ."

ಸೀಟು ಮುರಿದಿದ್ದರಿಂದ ಶೋಭಾಗೆ ಎದ್ದು ಕೂರಲು ಆಗಲಿಲ್ಲ. ಆದರೆ ಅವಳ ದನಿ ಎದ್ದು ಕೂತಿತು.

"ಹಂಗಾರ ಬಸ್ ಸ್ಟಾಪಿನಾಗ ಆಕಿಗೆ ಕೈ ಮುಗದು ಚಂದ್ರನ್ನ ಯಾಕ ಕೇಳಿದ್ರಿ?"

ಶಿವಕುಮಾರ ಸಿಗ್ನಲನ್ನೇ ನೋಡುತ್ತ ಕೂತ. ಅವನೇ ಹೋದ ವಾರ ರಿಪೇರಿ ಮಾಡಿಸಿದ್ದು. ಹಸಿರಾಗುವ ಲಕ್ಷಣವೇ ಕಾಣಲಿಲ್ಲ.